ಬಿಸಿನೀರಿನ ಊರಲ್ಲಿ ಎರಡು ರಾತ್ರಿ: ಗೆಳೆಯರೊಂದಿಗೆ ರೊಟೊರುವಾ ಸುತ್ತುವುದು ಹೇಗೆ?

ನ್ಯೂಜಿಲೆಂಡ್‌ನ ಉತ್ತರ ದ್ವೀಪದಲ್ಲಿರುವ ರೊಟೊರುವಾ ಊರಿನೊಳಗೆ ಕಾರು ಬರುತ್ತಿದ್ದಂತೆ ಕೊಳೆತ ಮೊಟ್ಟೆಯಂಥ ವಾಸನೆ ಮೂಗಿಗೆ ಬಡಿಯುತ್ತದೆ. ಉದ್ಯಾನದ ಬೇಲಿಯಾಚೆ, ಪೊದೆಗಳ ಸಂದಿಯಲ್ಲಿ ಹಬೆ ಏಳುತ್ತಿರುತ್ತದೆ. ಸುಮಾರು 2,40,000 ವರ್ಷಗಳ ಹಿಂದೆ ಜ್ವಾಲಾಮುಖಿ ಸಿಡಿದು ಕುಸಿದ ತಗ್ಗಿನಲ್ಲೇ ಊರೂ ಇದೆ, ಸರೋವರವೂ ಇದೆ. ಆಕ್ಲೆಂಡ್‌ನಿಂದ ಇಲ್ಲಿಗೆ ಸುಮಾರು 230 ಕಿ.ಮೀ., ಮೂರು ಗಂಟೆಯ ದಾರಿ. ಬೆಳಿಗ್ಗೆ ಹೊರಟು ರಾತ್ರಿ ಮರಳುವ ಗುಂಪುಗಳು ದಿನದ ಆರು ಗಂಟೆಯನ್ನು ರಸ್ತೆಯಲ್ಲೇ ಕಳೆಯುತ್ತವೆ, ಬಿಸಿನೀರಿಗೆ ಇಳಿಯಲು ಅವರಿಗೆ ಪುರುಸೊತ್ತೇ ಸಿಗುವುದಿಲ್ಲ. ಎರಡು ರಾತ್ರಿಯಾದರೂ ಉಳಿಯಿರಿ.

ಹೊರಡುವ ಮುನ್ನ

ಡಿಸೆಂಬರ್, ಜನವರಿ ಅಲ್ಲಿನ ಬೇಸಿಗೆ ರಜೆ. ಕೋಣೆ ಸಿಗುವುದೂ ಕಷ್ಟ, ಜನವೂ ಹೆಚ್ಚು. ಜೂನ್‌ನಿಂದ ಆಗಸ್ಟ್‌ವರೆಗಿನ ಚಳಿಗಾಲವೇ ಈ ಊರಿಗೆ ಹೇಳಿ ಮಾಡಿಸಿದ್ದು. ಗಾಳಿ ತಣ್ಣಗಿದ್ದಷ್ಟೂ ಹಬೆ ದಟ್ಟ, ಬಿಸಿನೀರಿನ ಸುಖವೂ ಹೆಚ್ಚು.

ನಾಲ್ಕೈದು ಜನಕ್ಕೆ ಒಂದು ಕಾರು ಸಾಕು. ವಾಹನ ಓಡುವುದು ರಸ್ತೆಯ ಎಡಬದಿಯಲ್ಲಿ. ಲೈಸೆನ್ಸ್ ಇಂಗ್ಲಿಷ್‌ನಲ್ಲಿ ಇಲ್ಲದಿದ್ದರೆ ಅದರ ಅಧಿಕೃತ ಅನುವಾದ ಜೊತೆಗಿರಬೇಕು. ಸರದಿಯಲ್ಲಿ ಓಡಿಸುವವರೆಲ್ಲರ ಹೆಸರನ್ನೂ ಬಾಡಿಗೆ ಕರಾರಿನಲ್ಲಿ ಬರೆಸಿ. ಹೆಸರಿಲ್ಲದವರ ಕೈಯಲ್ಲಿ ಅಪಘಾತವಾದರೆ ವಿಮೆ ಕೈಕೊಡುತ್ತದೆ. ವಿಮಾನದಲ್ಲಿ ಒಯ್ಯುವ ತಿಂಡಿ, ಬೀಜ, ಮಸಾಲೆ ಎಲ್ಲವನ್ನೂ ಘೋಷಣಾ ಪತ್ರದಲ್ಲಿ ನಮೂದಿಸಿ. ಚೀಲದ ಮೂಲೆಯಲ್ಲಿ ಮರೆತ ಒಂದು ಹಣ್ಣಿಗೂ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ ಬೀಳಬಹುದು.

ಬೆಳ್ಳಿಯ ಸರ, ಕಾಲುಂಗುರಗಳನ್ನು ಮನೆಯಲ್ಲೇ ಬಿಡಿ. ಗಾಳಿಯಲ್ಲಿರುವ ಹೈಡ್ರೋಜನ್ ಸಲ್ಫೈಡ್, ಅಂದರೆ ಆ ಕೊಳೆತ ಮೊಟ್ಟೆ ವಾಸನೆಯ ವಿಷಾನಿಲ, ತಗುಲಿದರೆ ಬೆಳ್ಳಿ ಕಪ್ಪಾಗುತ್ತದೆ. ಈಜುಡುಗೆ ಹಳೆಯದೇ ಇರಲಿ.

ಮೊದಲ ದಿನ: ಊರೊಳಗೆ ನಡಿಗೆ

ಪ್ರಯಾಣದ ದಣಿವಿನಲ್ಲಿ ದೂರ ಹೋಗಬೇಡಿ. ಊರ ನಡುವಿನ ಕುಯಿರಾವು ಪಾರ್ಕ್‌ಗೆ ಪ್ರವೇಶ ಶುಲ್ಕವಿಲ್ಲ. ಅಲ್ಲಿನ ಕಾಲುಸ್ನಾನದ ತೊಟ್ಟಿಯಲ್ಲಿ ಸಾಲಾಗಿ ಕುಳಿತು ಹರಟೆ ಹೊಡೆಯಬಹುದು. ಕುದಿಯುವ ಕೆಸರನ್ನು ಐದು ನಿಮಿಷ ಸುಮ್ಮನೆ ನೋಡಿ: ಬೂದು ಗುಳ್ಳೆಯೊಂದು ನಿಧಾನಕ್ಕೆ ಉಬ್ಬಿ, ಪಟ್ಟೆಂದು ಒಡೆದು, ಸುತ್ತ ಉಂಗುರ ಬಿಡುತ್ತದೆ, ಅಂಬಲಿ ಕುದಿಯುವಾಗಿನ ಸದ್ದೇ. ಬೇಲಿಯನ್ನು ಮಾತ್ರ ದಾಟಬೇಡಿ. ಮೇಲೆ ಗಟ್ಟಿಯಾಗಿ ಕಾಣುವ ನೆಲದ ಪದರ ತೀರಾ ತೆಳು, ಕೆಳಗಿರುವುದು ಕುದಿನೀರು. 2001ರ ಜನವರಿಯಲ್ಲಿ ಇದೇ ಪಾರ್ಕ್‌ನಲ್ಲಿ ನೆಲ ಸಿಡಿದು ಕೆಸರೂ ಕಲ್ಲೂ ಎಗರಿದ್ದವು.

ಸಂಜೆ ಸರೋವರದ ದಂಡೆಗೆ ಹೋಗಿ. ಬಿಸಿನೀರಿನ ಊರೆಂದು ಸರೋವರವೂ ಬೆಚ್ಚಗಿರುತ್ತದೆ ಎಂದುಕೊಂಡು ಧುಮುಕಬೇಡಿ, ಅದು ತಣ್ಣೀರು. ನಡುವೆ ಕಾಣುವುದು ಮೊಕೋಯಾ ದ್ವೀಪ. ಟುಟಾನೆಕಾಯ್‌ನ ಕೊಳಲ ದನಿಯ ಜಾಡು ಹಿಡಿದು ಹಿನೆಮೊವಾ ರಾತ್ರಿಯಲ್ಲಿ ಅಲ್ಲಿಗೆ ಈಜಿದಳು, ಸೋರೆಬುರುಡೆಗಳನ್ನು ಕಟ್ಟಿಕೊಂಡು ತೇಲಿದಳು, ದ್ವೀಪದ ಬಿಸಿಕೊಳದಲ್ಲಿ ಮೈ ಕಾಯಿಸಿಕೊಂಡಳು ಎಂಬುದು ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಪ್ರೇಮಕಥೆ. ಊಟಕ್ಕೆ ಹೋಗುವ ಬೀದಿಗೂ ಟುಟಾನೆಕಾಯ್‌ನದೇ ಹೆಸರು.

ಎರಡನೇ ದಿನ: ಗಡಿಯಾರ ನೋಡಿ ಹೊರಡಿ

ಇಡೀ ಪ್ರವಾಸದಲ್ಲಿ ನಿಮಗಾಗಿ ಕಾಯದೆ ನಡೆಯುವುದು ಒಂದೇ, ವೈ-ಓ-ಟಾಪು ಎಂಬ ಬಿಸಿನೀರಿನ ತಾಣದ ಲೇಡಿ ನಾಕ್ಸ್ ಬುಗ್ಗೆ. ಬೆಳಿಗ್ಗೆ 10.15ಕ್ಕೆ ಸಿಬ್ಬಂದಿ ಅದರ ಬಾಯಿಗೆ ಸೋಪು ಹಾಕುತ್ತಾರೆ. ಮೇಲಿನ ತಣ್ಣನೆಯ ನೀರಿನ ಮೇಲ್ಮೈ ಎಳೆತ ಕಡಿಮೆಯಾಗಿ, ಅದು ಒತ್ತಿಹಿಡಿದಿದ್ದ ಕೆಳಗಿನ ಕುದಿನೀರು ನೊರೆಯುಕ್ಕಿಸುತ್ತ ಮೇಲಕ್ಕೆ ಚಿಮ್ಮುತ್ತದೆ. ಈ ಗುಟ್ಟು ಬಯಲಾದದ್ದು ಸುಮಾರು 1901ರಲ್ಲಿ, ಅಲ್ಲಿ ಬಟ್ಟೆ ಒಗೆಯುತ್ತಿದ್ದ ಕೈದಿಗಳಿಂದ.

ರೊಟೊರುವಾದಿಂದ ಅಲ್ಲಿಗೆ ಅರ್ಧ ಗಂಟೆ. ಆದರೂ ಒಂಬತ್ತಕ್ಕೇ ಹೊರಡಿ. ಟಿಕೆಟ್ ಕೊಡುವುದು ಒಂದು ಕಡೆ, ಬುಗ್ಗೆ ಇರುವುದು ಇನ್ನೊಂದು ಕಡೆ. ನಡುವೆ ಮತ್ತೆ ಕಾರು ಹತ್ತಬೇಕು. ತಡವಾಗಿ ಬಂದವರು ಎಡವುವುದು ಇಲ್ಲೇ. ನೀರು ಚಿಮ್ಮಿದ ಕೂಡಲೇ ಜನರೆಲ್ಲ ಒಟ್ಟಿಗೆ ಮುಖ್ಯ ಕಾಲುದಾರಿಗೆ ನುಗ್ಗುತ್ತಾರೆ. ನೀವು ಇಪ್ಪತ್ತು ನಿಮಿಷ ಅಲ್ಲೇ ಕೂತಿರಿ.

ಆಮೇಲೆ ಸುಮಾರು 3 ಕಿ.ಮೀ. ಸುತ್ತು. ಶಾಂಪೇನ್ ಪೂಲ್ 65 ಮೀಟರ್ ಅಗಲದ ಕೊಳ, ನೀರಿನ ಬಿಸಿ ಸುಮಾರು 74 ಡಿಗ್ರಿ. ಗುಳ್ಳೆಗಳು ಇಂಗಾಲದ ಡೈಆಕ್ಸೈಡ್‌ನವು. ಅಂಚಿನ ಕಿತ್ತಳೆ ಬಣ್ಣ ಆರ್ಸೆನಿಕ್, ಆಂಟಿಮನಿಗಳ ಸಲ್ಫೈಡ್‌ನಿಂದ ಬಂದದ್ದು. ಹಬೆ ಕವಿದು ಏನೂ ಕಾಣದಿದ್ದರೆ ಜಾಗ ಬದಲಿಸಬೇಡಿ. ಗಾಳಿ ತಿರುಗಿದಾಗ ತಾನೇ ತೆರೆಯುತ್ತದೆ.

ಮಧ್ಯಾಹ್ನಕ್ಕೆ ವೈಮಾಂಗು ಕಣಿವೆ. 1886ರ ಜೂನ್ 10ರಂದು ತಾರವೆರಾ ಪರ್ವತ ಸಿಡಿದು ಸುಮಾರು 120 ಜನ ಸತ್ತರು. ಅದೇ ಸ್ಫೋಟದಲ್ಲಿ ಹುಟ್ಟಿದ ಕಣಿವೆ ಇದು. ದಾರಿ ಇಳಿಜಾರು, ವಾಪಸು ಬರಲು ಬಸ್ಸಿದೆ. ಕೊನೆಯ ಬಸ್ಸಿನ ಹೊತ್ತು ಮೊದಲೇ ಕೇಳಿಟ್ಟುಕೊಳ್ಳಿ.

ನೀರಿಗಿಳಿಯುವಾಗ

ಸ್ನಾನವನ್ನು ಸಂಜೆಗೇ ಇಟ್ಟುಕೊಳ್ಳಿ, ಯಾಕೆಂದರೆ ನೆನೆದ ಮೇಲೆ ಕಾಲು ನಡೆಯಲು ಒಪ್ಪುವುದಿಲ್ಲ. 40 ಡಿಗ್ರಿಯ ಆಸುಪಾಸಿನ ನೀರಿನಲ್ಲಿ ಒಮ್ಮೆಗೆ 15 ನಿಮಿಷ, ಹೊರಬಂದು ನೀರು ಕುಡಿದು ಸ್ವಲ್ಪ ಕೂತು, ಬೇಕಿದ್ದರೆ ಮತ್ತೆ ಇಳಿಯಿರಿ. ಮದ್ಯ ಬೇಡ. ಬಿಸಿಗೆ ರಕ್ತನಾಳ ಹಿಗ್ಗಿ ರಕ್ತದೊತ್ತಡ ಇಳಿದಿರುತ್ತದೆ. ದಡಬಡನೆ ಎದ್ದರೆ ತಲೆ ಸುತ್ತಿ ಬೀಳುತ್ತೀರಿ. ಹೃದ್ರೋಗಿಗಳು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇಳಿಯಬಾರದು.

ಕೆರೋಸಿನ್ ಕ್ರೀಕ್‌ನಂಥ ಕಾಡಿನ ಬಿಸಿ ತೊರೆಗಳಲ್ಲಿ ತಲೆಯನ್ನು ಯಾವ ಕಾರಣಕ್ಕೂ ಮುಳುಗಿಸಬೇಡಿ. ನೀರಿನಲ್ಲಿರಬಹುದಾದ ಒಂದು ಬಗೆಯ ಅಮೀಬಾ ಮೂಗಿನ ಮೂಲಕ ಮಿದುಳು ಸೇರುತ್ತದೆ. ಅಪರೂಪದ ಸೋಂಕು, ಆದರೆ ತಗುಲಿದವರು ಬದುಕುವುದು ಬಹಳ ಕಷ್ಟ. ಪಾಸ್‌ಪೋರ್ಟ್, ಕ್ಯಾಮೆರಾಗಳನ್ನು ಅಲ್ಲಿ ಕಾರಿನಲ್ಲಿ ಬಿಟ್ಟು ಹೋಗಬೇಡಿ, ಗಾಜು ಒಡೆದು ಕದಿಯುವವರಿದ್ದಾರೆ.

ಮೋಟೆಲ್‌ನಲ್ಲೇ ಖಾಸಗಿ ಬಿಸಿಕೊಳವಿದ್ದರೆ ಚಳಿಯೆಂದು ಕಿಟಕಿ ಮುಚ್ಚಬೇಡಿ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಸ್ವಲ್ಪ ಹೊತ್ತಿನಲ್ಲೇ ಮೂಗು ಒಗ್ಗಿಹೋಗುವುದರಿಂದ ವಾಸನೆ ಇಲ್ಲವೆಂದರೆ ಅಪಾಯವಿಲ್ಲ ಎಂದಲ್ಲ.

ಮೂರನೇ ದಿನ: ಹಬೆಯಲ್ಲಿ ಬೆಂದ ಊಟ

ಫಾಕರೆವರೆವಾ ಹಳ್ಳಿಯಲ್ಲಿ ಮಾವೊರಿ ಕುಟುಂಬಗಳು ಇಂದಿಗೂ ಬುಗ್ಗೆಗಳ ನಡುವೆಯೇ ವಾಸಿಸುತ್ತವೆ. ನೆಲದ ಹಬೆ ಬರುವೆಡೆ ಮರದ ಪೆಟ್ಟಿಗೆ ಕೂರಿಸಿ ಮಾಂಸ, ತರಕಾರಿ ಬೇಯಿಸುತ್ತಾರೆ, ಜೋಳದ ತೆನೆಯನ್ನು ಕುದಿಯುವ ಕೊಳಕ್ಕೇ ಇಳಿಬಿಡುತ್ತಾರೆ. ಆ ತೆನೆಯನ್ನು ತಿನ್ನದೆ ಬರಬೇಡಿ. ಪಕ್ಕದ ಟೆ ಪುಯಾ ಎಂಬ ಬುಗ್ಗೆಗಳ ತಾಣಕ್ಕೆ ಬೇರೆ ದ್ವಾರ, ಬೇರೆ ಟಿಕೆಟ್. 30 ಮೀಟರ್‌ವರೆಗೆ ಚಿಮ್ಮುವ ಪೊಹುಟು ಬುಗ್ಗೆ ಹತ್ತಿರದಿಂದ ಕಾಣುವುದು ಅಲ್ಲಿ. ಹಳ್ಳಿಯ ಕಟ್ಟೆಯಿಂದ ದೂರಕ್ಕೆ ಕಾಣುತ್ತದೆ. ಎರಡಕ್ಕೂ ಹಣ ಕೊಡುವ ಬದಲು ಒಂದನ್ನು ಆರಿಸಿ. ಜನರ ಬದುಕು ನೋಡಬೇಕೆಂದರೆ ಹಳ್ಳಿಯೇ ಸರಿ.

ಹೊರಡುವ ಮುನ್ನ ಈಜುಡುಗೆಯನ್ನು ತಣ್ಣೀರಿನಲ್ಲಿ ಎರಡು ಸಲ ಜಾಲಾಡಿ, ಬೇರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಗಂಧಕದ ವಾಸನೆ ಚೀಲದ ಬಟ್ಟೆಗೆಲ್ಲ ಹತ್ತುತ್ತದೆ.