16 ಸಿಪಿಯು ಇದ್ದರೂ ದುಡಿಯುತ್ತಿದ್ದದ್ದು ಒಂದೇ

ನಮ್ಮ ಲಿನಕ್ಸ್ ಸರ್ವರ್‌ನಲ್ಲಿ 16 ಸಿಪಿಯು ಇದ್ದವು. ಆದರೂ ಸಂಜೆ ಟ್ರಾಫಿಕ್ ಏರಿದಾಗ ಪ್ಯಾಕೆಟ್‌ಗಳು ಡ್ರಾಪ್ ಆಗುತ್ತಿದ್ದವು. ಸಿಪಿಯು ಲೋಡ್ ತೋರಿಸುವ ಟಾಪ್ ಕಮಾಂಡ್‌ನಲ್ಲಿ ನೋಡಿದರೆ ಒಟ್ಟು ಲೋಡ್ ತೀರಾ ಕಡಿಮೆ. 1 ಒತ್ತಿ ಸಿಪಿಯುಗಳನ್ನು ಬಿಡಿಬಿಡಿಯಾಗಿ ನೋಡಿದಾಗ ವಿಷಯ ಗೊತ್ತಾಯಿತು. ಒಂದು ಸಿಪಿಯು ಪೂರ್ತಿ ಸಾಫ್ಟ್‌ಐಆರ್‌ಕ್ಯೂನಲ್ಲೇ, ಅಂದರೆ ಬಂದ ಪ್ಯಾಕೆಟ್‌ಗಳನ್ನು ಕರ್ನಲ್ (ಲಿನಕ್ಸ್‌ನ ತಿರುಳು) ನಿಭಾಯಿಸುವ ಕೆಲಸದಲ್ಲೇ ಮುಳುಗಿತ್ತು. ಉಳಿದ 15 ಹೆಚ್ಚುಕಡಿಮೆ ಸುಮ್ನೆ ಕೂತಿದ್ದವು.

ಇಂಟರಪ್ಟ್ ಅಂದರೆ 'ನನ್ನ ಕಡೆ ನೋಡು' ಅಂತ ಹಾರ್ಡ್‌ವೇರ್ ಸಿಪಿಯುಗೆ ಕೊಡುವ ಸೂಚನೆ. ಅವುಗಳ ಎಣಿಕೆ ಇರುವ, ಪ್ರಾಕ್ ಡೈರೆಕ್ಟರಿಯ ಇಂಟರಪ್ಟ್ಸ್ ಫೈಲ್ ತೆರೆದೆ. ಅಲ್ಲಿ ಒಂದೊಂದು ಸಿಪಿಯುಗೂ ಒಂದೊಂದು ಕಾಲಂ. ನೆಟ್‌ವರ್ಕ್ ಕಾರ್ಡಿನ ಸಾಲಿನಲ್ಲಿ ಒಂದೇ ಕಾಲಂ ಏರುತ್ತಿತ್ತು.

ಒಂದು ಇಂಟರಪ್ಟನ್ನು (ಐಆರ್‌ಕ್ಯೂ) ಯಾವ ಸಿಪಿಯುಗಳು ನೋಡಿಕೊಳ್ಳಬಹುದು ಅಂತ ಹೇಳುವುದು ಎಸ್‌ಎಂಪಿ ಅಫಿನಿಟಿ ಫೈಲ್. ಕಾರ್ಡಿನ ಐಆರ್‌ಕ್ಯೂನ ಆ ಫೈಲಿಗೆ 'ಎಫ್‌ಎಫ್‌ಎಫ್‌ಎಫ್' ಅಂತ ಬರೆದೆ. ಇದೊಂದು ಮಾಸ್ಕ್: ಒಂದೊಂದು ಬಿಟ್ ಒಂದೊಂದು ಸಿಪಿಯುಗೆ, ಇಲ್ಲಿ 16 ಬಿಟ್‌ಗಳೂ ಆನ್. ಎಲ್ಲ ಸಿಪಿಯುಗೂ ಅವಕಾಶ ಕೊಟ್ಟರೆ ಕೆಲಸ ಹಂಚಿಹೋಗುತ್ತದೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ನಿಜಕ್ಕೂ ಯಾವ ಸಿಪಿಯುಗೆ ಹೋಗುತ್ತಿದೆ ಅಂತ ತೋರಿಸುವ, ಪಕ್ಕದಲ್ಲೇ ಇದ್ದ ಎಫೆಕ್ಟಿವ್ ಅಫಿನಿಟಿ ಫೈಲ್ ನೋಡಿದ ಮೇಲೆ ಅರ್ಥವಾಯಿತು. ಇಂದಿನ ಎಕ್ಸ್86 ಕರ್ನಲ್ ಎಷ್ಟು ದೊಡ್ಡ ಮಾಸ್ಕ್ ಕೊಟ್ಟರೂ ಅದರೊಳಗಿಂದ ಒಂದೇ ಸಿಪಿಯು ಆರಿಸಿಕೊಳ್ಳುತ್ತದೆ.

ಅಂದರೆ ನನಗೆ ಬೇಕಿದ್ದದ್ದು ಜಾಸ್ತಿ ಇಂಟರಪ್ಟ್‌ಗಳು. ಅದಕ್ಕೆ ಕಾರ್ಡಿನಲ್ಲಿ ಜಾಸ್ತಿ ಕ್ಯೂಗಳು (ಪ್ಯಾಕೆಟ್‌ಗಳು ಕಾಯುವ ಸಾಲುಗಳು) ಬೇಕು. ಕಾರ್ಡಿನ ಸೆಟ್ಟಿಂಗ್ ನೋಡಿ ಬದಲಿಸುವ ಈಥ್‌ಟೂಲ್‌ನಲ್ಲಿ ಕೇಳಿದರೆ ಕಾರ್ಡಿಗೆ 8 ಕ್ಯೂ ಸಾಧ್ಯ, ಆನ್ ಆಗಿದ್ದದ್ದು ಬರೀ 1! ಎಂಟಕ್ಕೆ ಏರಿಸಿದೆ. ಒಂದೇ ಕಾರ್ಡಿಗೆ ಹಲವು ಇಂಟರಪ್ಟ್ ಕೊಡುವ ಎಂಎಸ್‌ಐ-ಎಕ್ಸ್ ಇದ್ದ ಕಾರ್ಡ್, ಹಾಗಾಗಿ ಪ್ರತಿ ಕ್ಯೂಗೂ ಅದರದೇ ಇಂಟರಪ್ಟ್ ಬಂತು. ಯಾವ ಪ್ಯಾಕೆಟ್ ಯಾವ ಕ್ಯೂಗೆ ಅನ್ನೋದನ್ನು ಕಾರ್ಡೇ ಐಪಿ ವಿಳಾಸ, ಪೋರ್ಟ್‌ಗಳ ಹ್ಯಾಶ್ (ಅವುಗಳಿಂದ ಹುಟ್ಟುವ ಒಂದು ಸಂಖ್ಯೆ) ಲೆಕ್ಕ ಹಾಕಿ ತೀರ್ಮಾನಿಸುತ್ತದೆ. ಒಂದು ಕನೆಕ್ಷನ್ನಿನ ಪ್ಯಾಕೆಟ್‌ಗಳೆಲ್ಲ ಒಂದೇ ಕ್ಯೂಗೆ ಹೋಗುತ್ತವೆ. ಈ ಏರ್ಪಾಡು ನನಗೆ ತುಂಬಾ ಹಿಡಿಸಿತು. ಕಂಡಕಂಡ ಸಿಪಿಯುಗೆ ಹಂಚಿದ್ದರೆ ಟಿಸಿಪಿ ಪ್ಯಾಕೆಟ್‌ಗಳು ಹಿಂದುಮುಂದಾಗುತ್ತಿದ್ದವು ಅಲ್ವಾ?

ಆಮೇಲೆ ಒಂದೊಂದು ಇಂಟರಪ್ಟನ್ನು ಒಂದೊಂದು ಸಿಪಿಯುಗೆ ಕಟ್ಟಿದೆ. ಕಾರ್ಡ್ ಯಾವ ನ್ಯೂಮಾ ನೋಡ್‌ಗೆ (ಸಿಪಿಯುಗಳು ಮತ್ತು ಅವುಗಳ ಹತ್ತಿರದ ಮೆಮೊರಿ ಸೇರಿದ ಗುಂಪು) ಸೇರಿದೆ ಅಂತ ನೋಡಿ, ಅದೇ ನೋಡ್‌ನ ಸಿಪಿಯುಗಳನ್ನು ಆರಿಸಿದೆ. ಇಲ್ಲೊಂದು ಎಡವಟ್ಟು ಮಾಡಿದೆ. 4ನೇ ನಂಬರಿನ ಸಿಪಿಯುಗೆ (ಎಣಿಕೆ 0ಯಿಂದ ಶುರು) 16 ಅಂತ ಬರೆದೆ. ಆ ಫೈಲ್ ಓದುವುದು ಹೆಕ್ಸ್‌ನಲ್ಲಿ (16ರ ಆಧಾರದ ಸಂಖ್ಯೆಗಳಲ್ಲಿ), 10 ಬರೆಯಬೇಕಿತ್ತು. ಹೆಕ್ಸ್‌ನ 16 ಅಂದರೆ 1, 2 ಮತ್ತು 4ನೇ ಸಿಪಿಯುಗಳು. ಈಗ ನಾನು ಅಫಿನಿಟಿ ಲಿಸ್ಟ್ ಫೈಲನ್ನೇ ಬಳಸುತ್ತೇನೆ. ಅಲ್ಲಿ ನೇರವಾಗಿ 4 ಅಂತ ಬರೆದರೆ ಸಾಕು.

ಸ್ವಲ್ಪ ಹೊತ್ತಿಗೆ ಎಲ್ಲ ಮತ್ತೆ ಕದಲಿತ್ತು. ಇಂಟರಪ್ಟ್‌ಗಳನ್ನು ಸಿಪಿಯುಗಳಿಗೆ ತಾನೇ ಹಂಚುವ ಐಆರ್‌ಕ್ಯೂಬ್ಯಾಲೆನ್ಸ್ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ನಾನು ಬರೆದದ್ದರ ಮೇಲೆ ತನ್ನ ಲೆಕ್ಕ ಬರೆದಿತ್ತು. ಈ ಎಂಟನ್ನು ಮುಟ್ಟಬೇಡ ಅಂತ ಅದರ ಬ್ಯಾನ್‌ಐಆರ್‌ಕ್ಯೂ ಆಯ್ಕೆಯಲ್ಲಿ ಸೇರಿಸಿದೆ.

ಆ ಸಂಜೆ ಎಂಟೂ ಕಾಲಂಗಳು ಏರುತ್ತಿದ್ದವು. ಡ್ರಾಪ್ ಎಣಿಕೆ ನಿಂತಲ್ಲೇ ನಿಂತಿತ್ತು.