ಸೈಡ್ ವೀಲ್ ಬೇರಿಂಗು: ಜಪಾನೋ ಚೈನಾನೋ ಕೇಳೋ ಮೊದಲು ಸ್ಪೇಸರ್ ಅಳೆಯಿರಿ

ವಿಕಲಚೇತನರ ಸ್ಕೂಟರಿಗೆ ಎರಡೂ ಪಕ್ಕ ಹಾಕುವ ಸೈಡ್ ವೀಲ್‌ನ ಬೇರಿಂಗು ಬಳ್ಳಾರಿ, ಸಂಡೂರು ಕಡೆ ಬೇಗ ಕೂಗೋಕೆ ಶುರು ಮಾಡುತ್ತದೆ. ಗಾಡಿ ತಂದವರ ಮೊದಲ ಮಾತು, "ಚೈನಾ ಮಾಲು ಬ್ಯಾಡ್ರಿ, ಜಪಾನ್ ಇದ್ರ ಹಾಕ್ರಿ." ಚಕ್ರದ ನಡುವಿನ ಹಬ್ ಬಿಚ್ಚಿದರೆ ತಪ್ಪು ಹೆಚ್ಚಾಗಿ ಬೇರಿಂಗಿನ ಪಕ್ಕದಲ್ಲಿ ಸಿಗುತ್ತದೆ.

ಎರಡು ಚಕ್ರದ ಗಾಡಿ ತಿರುವಿನಲ್ಲಿ ವಾಲುವುದರಿಂದ ಹೊರೆ ಚಕ್ರದ ನೇರಕ್ಕೇ ಇಳಿಯುತ್ತದೆ. ಸೈಡ್ ವೀಲ್ ಹಾಕಿದ್ದು ವಾಲುವುದಿಲ್ಲ, ಒತ್ತಡ ಟೈರಿನ ಬುಡಕ್ಕೆ ಅಡ್ಡಡ್ಡ ಬೀಳುತ್ತದೆ. 10 ಇಂಚಿನ ರಿಮ್ಮಿಗೆ ಟೈರ್ ಸೇರಿ ಆ್ಯಕ್ಸಲ್‌ನಿಂದ ನೆಲಕ್ಕೆ ಸುಮಾರು 200 ಮಿ.ಮೀ. ಹಬ್ಬಿನೊಳಗೆ ಎರಡು ಬೇರಿಂಗಿನ ನಡುವೆ 40 ಮಿ.ಮೀ. ಅಂತರವಿದ್ದರೆ ಸನ್ನೆಕೋಲಿನ ಲೆಕ್ಕ ಐದು ಪಟ್ಟು: 20 ಕೆ.ಜಿ. ಅಡ್ಡ ಒತ್ತು ಒಂದೊಂದರ ಮೇಲೂ 100 ಕೆ.ಜಿ. ಆಗಿ ಕೂರುತ್ತದೆ. ಅಂತರ 60 ಮಾಡಿದರೆ ಅದು 67ಕ್ಕೆ ಇಳಿಯುತ್ತದೆ. ಬಾಲ್ ಬೇರಿಂಗಿಗೆ ಹೊರೆ ದುಪ್ಪಟ್ಟಾದರೆ ಆಯಸ್ಸು ಎಂಟರಲ್ಲೊಂದು ಪಾಲಾಗುತ್ತದೆ. ಅದಕ್ಕೇ ಹೊಸ ಹಬ್ ಮಾಡಿಸುವಾಗ ಲೇತಿನವರಿಗೆ ಮೊದಲು ಹೇಳೋದು ಈ ಅಂತರ.

ಬೇರಿಂಗಿನ ಮೇಲಿನ ನಂಬರು ಓದೋದು ಸುಲಭ. ಕೊನೆಯ ಎರಡು ಅಂಕಿ ಒಳತೂತು: 01 ಅಂದರೆ 12 ಮಿ.ಮೀ., 02 ಅಂದರೆ 15, 03 ಅಂದರೆ 17, 04ರಿಂದ ಮುಂದೆ ಐದರಿಂದ ಗುಣಿಸಿ. 6202ರ ಅಳತೆ 15×35×11, ಅಂದರೆ ಒಳತೂತು, ಹೊರಸುತ್ತಿನ ಅಡ್ಡಳತೆ, ದಪ್ಪ. ಅದೇ ಆ್ಯಕ್ಸಲ್ಲಿಗೆ ಕೂರುವ 6302 ಅಂದರೆ 15×42×13. ಹೊರೆ ತಡೆಯುವ ಶಕ್ತಿ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಹಬ್ಬಿನ ಗೋಡೆ ದಪ್ಪವಿದ್ದರೆ ಬೋರ್ ದೊಡ್ಡದು ಮಾಡಿಸಿ ಇದನ್ನೇ ಹಾಕುತ್ತೇನೆ. ತೆಳ್ಳಗಿದ್ದರೆ ಆ ಗೋಜಿಗೆ ಹೋಗಬಾರದು, ಹಬ್ ಸೀಳುತ್ತದೆ.

ಈಗ ಸ್ಪೇಸರ್. ಎರಡು ಬೇರಿಂಗಿನ ಒಳರೇಸುಗಳ (ಒಳಬಳೆಗಳ) ನಡುವಿನ ಈ ಪೈಪಿನ ತುಂಡು ಗಿಡ್ಡವಾಗಿದ್ದರೆ ನಟ್ ಬಿಗಿದಷ್ಟೂ ಒಳರೇಸುಗಳು ಒಂದರ ಕಡೆಗೊಂದು ಸರಿದು ಬಾಲುಗಳನ್ನು ಅಡ್ಡಕ್ಕೆ ಅದುಮುತ್ತವೆ. ಯಾವ ದೇಶದ ಬೇರಿಂಗೂ ಇದನ್ನು ತಡೆಯಲ್ಲ. ಹಬ್ಬಿನೊಳಗೆ ಬೇರಿಂಗು ಕೂರುವ ಎರಡು ಮೆಟ್ಟಿಲುಗಳ ಅಂತರವನ್ನು ವರ್ನಿಯರಿನಲ್ಲಿ ಅಳೆದು, ಸ್ಪೇಸರನ್ನು ಅದಕ್ಕಿಂತ 0.1 ಮಿ.ಮೀ. ಉದ್ದ ಇಡಿಸುತ್ತೇನೆ. 38 ಇದ್ದರೆ 38.1. ಎರಡು ತುದಿಯೂ ಲೇತಿನಲ್ಲೇ ಫೇಸ್ ಆಗಿರಬೇಕು, ಅಂದರೆ ನೇರ ಸಪಾಟಾಗಿರಬೇಕು. ಹ್ಯಾಕ್ಸಾದಲ್ಲಿ ಕೊಯ್ದದ್ದು ಓರೆಯಾಗುತ್ತದೆ. ನಟ್ ಪೂರ್ತಿ ಬಿಗಿದ ಮೇಲೆ ಚಕ್ರ ಮೊದಲಿನಷ್ಟೇ ಹಗುರಾಗಿ ತಿರುಗದಿದ್ದರೆ ಬಿಚ್ಚಿ. ನಟ್ ಅರ್ಧ ಸುತ್ತು ಸಡಿಲ ಬಿಟ್ಟು ಕಳಿಸೋದು ರಿಪೇರಿಯಲ್ಲ.

ಹೊರರೇಸು ಹಬ್ಬಿನಲ್ಲಿ ಬಿಗಿ, ಒಳರೇಸು ಆ್ಯಕ್ಸಲ್ ಮೇಲೆ ಕೈಯಲ್ಲಿ ಜಾರುವಷ್ಟು. ಹಬ್ಬನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಟ್ಟು, ಒರೆಸಿ, ಹೊರರೇಸಿನ ಅಳತೆಯ ಸಾಕೆಟ್ ಇಟ್ಟು ಕೂರಿಸಿ. ಒಳರೇಸಿಗೆ ಸುತ್ತಿಗೆ ಬಿದ್ದರೆ ರೇಸಿನಲ್ಲಿ ಬಾಲಿನ ಕಚ್ಚು ಮೂಡುತ್ತದೆ. ಬೆರಳಿನಲ್ಲಿ ತಿರುಗಿಸಿದರೆ ಹೊಸ ಬೇರಿಂಗೇ ಗರಗರ ಅನ್ನುತ್ತದೆ, ಆಮೇಲೆ ಬೈಗುಳ ಕಂಪನಿಗೆ. ಹಬ್ ಸವೆದು ಹೊರರೇಸು ತಿರುಗುತ್ತಿದ್ದರೆ ಪಂಚ್ ಹೊಡೆದು ಉಬ್ಬಿಸಬೇಡಿ. 0.1 ಮಿ.ಮೀ. ಒಳಗಿನ ಸಂದಾದರೆ ಬೇರಿಂಗ್ ಹಿಡಿಸುವ ಲಾಕ್‌ಟೈಟ್ ಅಂಟು ಸಾಕು, ಹೆಚ್ಚಿದ್ದರೆ ಹಬ್ಬಿನ ತೂತಿಗೆ ಸ್ಲೀವ್, ಅಂದರೆ ತೆಳು ಬಳೆ.

ಸಂಡೂರು ಕಡೆಯ ಗಾಡಿಯ ಗ್ರೀಸು ಕೆಂಪಗಿರುತ್ತದೆ. ಅದಿರಿನ ಧೂಳೋ ತುಕ್ಕೋ ತಿಳಿಯಲ್ಲ. ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದು ನೋಡಿ. ರೇಸು ಮಾಸಲು ಬೂದಿಯಾಗಿ ಒಂದೇ ಸಮ ಸವೆದಿದ್ದರೆ ಧೂಳು. ಚುಕ್ಕೆಚುಕ್ಕೆ ಗುಂಡಿ, ಕಂದು ಕಲೆ ಇದ್ದರೆ ನೀರು: ಸಿಂಧನೂರು, ಗಂಗಾವತಿಯ ಗದ್ದೆ ದಾರಿಯದ್ದೋ, ವಾಟರ್ ಸರ್ವಿಸಿನ ಪೈಪನ್ನು ಹಬ್ಬಿಗೇ ಹಿಡಿದದ್ದೋ. ಎರಡಕ್ಕೂ ತಗಡಿನ ಮುಚ್ಚಳದ ಝಡ್‌ಝಡ್ ಸಾಲದು, ರಬ್ಬರ್ ಸೀಲಿನ 2ಆರ್‌ಎಸ್ ಬೇಕು.

ಇನ್ನು ಫಾರಿನ್ ಮಾಲು. ವಿದೇಶಿ ಹೆಸರು ಬೇರೆ, ವಿದೇಶದಲ್ಲಿ ಆದದ್ದು ಬೇರೆ. ಸ್ವೀಡನ್ನಿನ ಎಸ್‌ಕೆಎಫ್ ಪುಣೆಯಲ್ಲೂ ಬೇರಿಂಗು ಮಾಡುತ್ತದೆ, ಎನ್‌ಬಿಸಿ ಜೈಪುರದ್ದೇ. ಅಳತೆ ಎಲ್ಲ ಕಡೆ ಒಂದೇ ಆದ್ದರಿಂದ ಯಾವ ದೇಶದ 6202 ಆದರೂ ಕೂರುತ್ತದೆ. ಕೂರದೇ ಇರೋದು ಇಂಚು ಅಳತೆಯದು: 1 ಇಂಚು ಅಂದರೆ 25.4 ಮಿ.ಮೀ., 6205ರ ತೂತು 25. ಅಂಥ ಸೈಡ್ ವೀಲ್ ಕಿಟ್ ಬಂದರೆ ಆ್ಯಕ್ಸಲ್ ತುರಿಯದೆ ಇಂಚಿನ ಬೇರಿಂಗೇ ತರಿಸಿ. ನಿಜವಾಗಿ ಹೆದರಬೇಕಾದ್ದು ದೊಡ್ಡ ಹೆಸರಿನ ಡೂಪ್ಲಿಕೇಟಿಗೆ. ಥಿನ್ನರ್ ಬಟ್ಟೆಯಲ್ಲಿ ಉಜ್ಜಿದರೆ ಅಕ್ಷರ ಹೋಗಬಾರದು, ಒಳತೂತಿನ ಇಲ್ಲವೇ ಹೊರಸುತ್ತಿನ ಅಡ್ಡಳತೆ 0.05 ಮಿ.ಮೀ. ತಪ್ಪಿದರೂ ವಾಪಸ್ ಕೊಡಿ. ಆದರೆ ಸಿ3 ಅಂತ ಬರೆದಿದ್ದರೆ ಒಳಗೆ ಆಟ ಸ್ವಲ್ಪ ಹೆಚ್ಚೇ ಇರುತ್ತದೆ. ಅದನ್ನು ಡೂಪ್ಲಿಕೇಟ್ ಅಂದುಕೊಳ್ಳಬೇಡಿ.

ಕೂರಿಸಿದ ಮೇಲೆ ಹತ್ತು ಕಿ.ಮೀ. ಓಡಿಸಿ ಎರಡೂ ಹಬ್ಬಿನ ಮೇಲೆ ಅಂಗೈ ಇಡಿ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಬಿಸಿಯಾದ ಕಡೆಯ ಸ್ಪೇಸರ್ ಮತ್ತೆ ಅಳೆಯಿರಿ. ಎಡಕ್ಕೆ ತಿರುಗಿದಾಗ ಗೊರಗೊರ ಹೆಚ್ಚಾದರೆ ಬಲಗಡೆಯ ಬೇರಿಂಗು, ಬಲಕ್ಕೆ ತಿರುಗಿದಾಗ ಹೆಚ್ಚಾದರೆ ಎಡಗಡೆಯದು.