ಖಾತೆ ಬಿಟ್ಟು ಕಿರ್ದಿ ಕಳಿಸಿದೆ

ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ. ಕುಯ್ಲಿನ ದಿನಗಳಲ್ಲಿ ಹಣ್ಣಿನ ತೂಕ ಎರಡು ಕಡೆ ನಡೆಯುತ್ತದೆ. ಒಂದು ಕಡೆ ತೋಟದ ಲೆಕ್ಕ ಬರೆಯುವ ರೈಟರ್, ಇನ್ನೊಂದು ಕಡೆ ಮೇಸ್ತ್ರಿ. ಇಬ್ಬರ ಮೊಬೈಲಿನಲ್ಲೂ ನಾನು ಬರೆದ ವೆಬ್ ಆಪ್ ಇದೆ. ತೋಟದೊಳಗೆ ನೆಟ್‌ವರ್ಕ್ ಇಲ್ಲ, ಕಣಕ್ಕೆ ಬಂದರೆ ಸಿಗುತ್ತದೆ.

ಮೊದಲ ವರ್ಷ ಪ್ರತಿ ಫೋನೂ ದಿನದ ಒಟ್ಟು ಕಿಲೋ ಮಾತ್ರ ಕಳಿಸುತ್ತಿತ್ತು. ಒಬ್ಬರು ಮಧ್ಯಾಹ್ನ ರೈಟರ್ ಹತ್ತಿರ 42 ಕಿಲೋ, ಸಂಜೆ ಮೇಸ್ತ್ರಿ ಹತ್ತಿರ 38 ಕಿಲೋ ತೂಗಿಸಿದ್ದರು. ಸರ್ವರಿನಲ್ಲಿ ಉಳಿದದ್ದು ಕೊನೆಗೆ ಬಂದ 38 ಮಾತ್ರ. ಕೂಲಿ ಕಿಲೋ ಲೆಕ್ಕದಲ್ಲಿ ಅಲ್ವಾ? ಬಟವಾಡೆ ದಿನ ಅವರು "ನನ್ನ ಮಧ್ಯಾಹ್ನದ ತೂಕ ಎಲ್ಲಿ ಹೋಯ್ತಣ್ಣ?" ಎಂದಾಗ ನನಗೆ ತುಂಬಾ ನೋವಾಯಿತು.

ಅಜ್ಜ ಪ್ರತಿ ವ್ಯವಹಾರವನ್ನೂ ಬಂದ ಹಾಗೆ ಕಿರ್ದಿಯಲ್ಲಿ ಬರೆದು, ಅದರಿಂದ ಒಬ್ಬೊಬ್ಬರ ಖಾತೆ ಕೂಡುತ್ತಿದ್ದರು. ನಾನೂ ಹಾಗೇ ಮಾಡಿದೆ. ಈಗ ಫೋನು 'ಒಟ್ಟು 38' ಅನ್ನುವುದಿಲ್ಲ, 'ಇವರಿಗೆ 38 ಸೇರಿಸು' ಅನ್ನುತ್ತದೆ. ಪ್ರತಿ ನಮೂದು ಮೊದಲು ಫೋನಿನ ಬ್ರೌಸರಿನೊಳಗಿನ ಸಂಗ್ರಹವಾದ ಇಂಡೆಕ್ಸ್ಡ್‌ಡಿಬಿಯಲ್ಲಿ ಕೂರುತ್ತದೆ. ಬರೆದದ್ದನ್ನು ಅಳಿಸುವಂತಿಲ್ಲ. ತಪ್ಪಾದರೆ ಕಳೆಯುವ ಇನ್ನೊಂದು ನಮೂದು ಹಾಕಬೇಕು.

ಸರ್ವರ್ ಬರೆದುಕೊಂಡ ಮೇಲೆ, ಉತ್ತರ ಬರುವ ಮೊದಲೇ ಸಿಗ್ನಲ್ ಹೋಗುವುದುಂಟು. ಫೋನು ಅದನ್ನೇ ಮತ್ತೆ ಕಳಿಸುತ್ತದೆ. ಹಾಗಾಗಿ ನಮೂದು ಹುಟ್ಟುವಾಗಲೇ ಫೋನಿನಲ್ಲಿ ಅದಕ್ಕೊಂದು ಯುಯುಐಡಿ, ಅಂದರೆ ಬೇರೆ ಯಾವ ನಮೂದಿಗೂ ಇಲ್ಲದ ಗುರುತು, ಕೊಡುತ್ತೇನೆ. ನೋಡಿದ ಐಡಿ ಮತ್ತೆ ಬಂದರೆ ಸರ್ವರ್ ಸುಮ್ನೆ 'ಸಿಕ್ಕಿದೆ' ಅನ್ನುತ್ತದೆ, ಕೂಡುವುದಿಲ್ಲ.

ಕ್ರಮಕ್ಕೆ ಫೋನಿನ ಗಡಿಯಾರ ನಂಬಲಿಲ್ಲ. ಗಡಿಯಾರವಿಲ್ಲದೆ ಕ್ರಮ ಹೇಳುವ ದಾರಿಯನ್ನು ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ತೋರಿಸಿದ್ದಾರೆ. ನಮ್ಮದು ಒಂದೇ ಸರ್ವರ್, ಅದು ಕೊಡುವ ಸಾಲು ನಂಬರೇ ಸಾಕು. ಇನ್ನೊಂದು ಫೋನಿನ ನಮೂದುಗಳೂ ಬೇಕಲ್ಲ, ತನ್ನ ಹತ್ತಿರ 103ರವರೆಗೆ ಇದ್ದರೆ '103ರ ನಂತರದ್ದು ಕೊಡು' ಎಂದು ಫೋನು ಕೇಳುತ್ತದೆ.

ನಾನು ಜಾಸ್ತಿ ಒದ್ದಾಡಿದ್ದು ಇಲ್ಲೇ. ಪೋಸ್ಟ್‌ಗ್ರೆಸ್ (ಸರ್ವರಿನ ಡೇಟಾಬೇಸ್) ತಾನಾಗಿ ಕೊಡುವ ನಂಬರನ್ನೇ ಬಳಸಿದ್ದೆ. 104 ಪಡೆದ ಟ್ರಾನ್ಸಾಕ್ಷನ್ (ನಮೂದು ಬರೆಯುವ ಕೆಲಸ) ಇನ್ನೂ ಮುಗಿದಿರುವುದಿಲ್ಲ, ಅಷ್ಟರಲ್ಲಿ 105 ಕಮಿಟ್ ಆಗಿಬಿಡುತ್ತದೆ, ಅಂದರೆ ಬರೆದು ಮುಗಿದು ಎಲ್ಲರಿಗೂ ಕಾಣುತ್ತದೆ. ಆಗ ಕೇಳಿದ ಫೋನಿಗೆ 105 ಮಾತ್ರ ಸಿಗುತ್ತದೆ. ಮುಂದಿನ ಸಲ ಅದು 105ರ ನಂತರದ್ದು ಕೇಳುತ್ತದೆ. 104 ಆ ಫೋನಿಗೆ ಯಾವತ್ತೂ ಬರುವುದಿಲ್ಲ! ಎಲ್ಲೂ ಎರರ್ ಕಾಣದೆ ಮೂರು ದಿನ ಹುಡುಕಿದೆ. ಈಗ ಲಾಕ್ (ಒಮ್ಮೆಗೆ ಒಂದಕ್ಕೇ ಸಿಗುವ ಬೀಗ) ಹಿಡಿದ ಟ್ರಾನ್ಸಾಕ್ಷನ್ನಿಗೆ ಮಾತ್ರ ನಂಬರು, ಅದು ಕಮಿಟ್ ಆದ ಮೇಲೆ ಮುಂದಿನದರ ಸರದಿ. ನಮ್ಮಷ್ಟು ಸಣ್ಣ ಲೆಕ್ಕಕ್ಕೆ ಈ ನಿಧಾನ ಗೊತ್ತೇ ಆಗುವುದಿಲ್ಲ.

ಬಟವಾಡೆ ಮುಗಿದ ಮೇಲೆ ಒಟ್ಟು ಮೊತ್ತ ಒಂದು ಕಡೆ ಬರೆದಿಟ್ಟು, ಫೋನಿನಿಂದ ಹಳೆಯ ನಮೂದು ತೆಗೆಯುತ್ತೇನೆ. ಸರ್ವರಿನಲ್ಲಿ ಮಾತ್ರ ಎಲ್ಲವೂ ಇರುತ್ತದೆ. ಯಾರಾದರೂ ಕೇಳಿದರೆ ಅವರ ಒಂದೊಂದು ತೂಕವನ್ನೂ ತೆರೆದು ತೋರಿಸುತ್ತೇನೆ.